ಸೇತುವೆಯಿಂದ ಸಸ್ಯಗಳ ಕಡೆಗೆ: ಥಿಯೋಡರ್ ಕುಕ್

ಪ್ರತಿ ವರ್ಷ ಸೆಪ್ಟೆಂಬರ್ 15ಕ್ಕೆ ನಮ್ಮ ಮೇನ್ ಬ್ಲಾಕ್‌ನಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಬೀಳುತ್ತೆ. ಒಂದು ಭಾಷಣ, ಒಂದು ಕ್ವಿಜ್, ಆಮೇಲೆ ಸಮೋಸಾ. ಸರ್ ಎಂವಿ ಇಂಜಿನಿಯರಿಂಗ್ ಓದಿದ್ದು ಎಲ್ಲಿ ಅಂತ ಕ್ವಿಜ್‌ನಲ್ಲಿ ಕೇಳಿದ್ರೆ ಎಲ್ಲರೂ ಬಜರ್ ಒತ್ತುತ್ತಾರೆ. ಪುಣೆಯ ಕಾಲೇಜ್ ಆಫ್ ಸೈನ್ಸ್, ಅಂದ್ರೆ ಈಗಿನ ಸಿಒಇಪಿ. ಅವರು ಅಲ್ಲಿ ಓದುವಾಗ ಪ್ರಿನ್ಸಿಪಾಲ್ ಯಾರಿದ್ದರು ಅಂತ ಮಾತ್ರ ಯಾರೂ ಕೇಳಲ್ಲ. ನಮಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ಒಂದು ಕಾಡು ಗಡ್ಡೆಯಿಂದ.

ಹೋದ ಏಪ್ರಿಲ್‌ನಲ್ಲಿ ನಾವು ಮೂವರು ರೂಮ್‌ಮೇಟ್ಸ್ ಕಲಘಟಗಿ ಕಡೆ ಬೈಕ್ ಮೇಲೆ ಹೋಗಿದ್ವಿ. ದಾರಿಯಲ್ಲಿ ಒಂದು ಮಡ್ಡಿ. ಬರೀ ಗರಸು, ಕಲ್ಲು, ಒಣ ಹುಲ್ಲು. ಅದರ ನಡುವೆ ಒಂದೂ ಎಲೆಯಿಲ್ಲದ ಉದ್ದನೆಯ ದಂಟು ನಿಂತಿತ್ತು. ದಂಟಿನ ತುಂಬ ಮಾಸಲು ಬಿಳಿ ಬಣ್ಣದ ಚಿಕ್ಕ ಹೂಗಳು. ಹತ್ತಿರ ಹೋದ್ರೆ ಇಂಥವು ಹತ್ತಿಪ್ಪತ್ತು. ಅಗೆದು ನೋಡಿದ್ರೆ ಕೆಳಗೆ ಥೇಟ್ ಉಳ್ಳಾಗಡ್ಡಿ. ಕುರಿ ಕಾಯುತ್ತಿದ್ದ ಅಜ್ಜ ಅದನ್ನ ಅಡವಿ ಉಳ್ಳಾಗಡ್ಡಿ ಅಂತ ಕರೆದರು, ತಿನ್ನಬೇಡ್ರಿ ಅಂತಾನೂ ಹೇಳಿದರು. ಅಗೆದ ಕೈ ಸಂಜೆಯವರೆಗೂ ತುರಿಸ್ತಾ ಇತ್ತು.

ಒಂದು ಗಿಡ ತಂದು ಮ್ಯಾಥ್ಸ್ ಪುಸ್ತಕದ ನಡುವೆ ಒತ್ತಿಟ್ವಿ. ಹರ್ಬೇರಿಯಂ ಶೀಟ್ ಮಾಡ್ತೀವಿ ಅನ್ನೋ ಉತ್ಸಾಹ. ಎರಡು ವಾರ ಬಿಟ್ಟು ತೆಗೆದ್ರೆ ಗಡ್ಡೆ ಸತ್ತೇ ಇಲ್ಲ! ಪುಸ್ತಕದ ಒಳಗೇ ಹೊಸ ಮೊಳಕೆ ಬಿಟ್ಟಿತ್ತು, ಇಂಟಿಗ್ರೇಶನ್ ಚಾಪ್ಟರ್ ಪೂರ್ತಿ ಒದ್ದೆ. ಪರಿಚಯದ ಸಸ್ಯಶಾಸ್ತ್ರ ಮೇಡಂ ಒಬ್ಬರಿಗೆ ತೋರಿಸಿದ್ವಿ. ಅವರು ನಗಲಿಲ್ಲ. ಎಲ್ಲಿ ಸಿಕ್ಕಿತು, ಯಾವ ದಿನ, ಎಂಥಾ ಮಣ್ಣು, ಹೂವಿನ ಬಣ್ಣ ಏನಿತ್ತು ಅಂತ ಕೇಳಿದರು. ನಾವು ಏನೂ ಬರೆದಿಟ್ಟಿರಲಿಲ್ಲ. ಬರೆದಿಡದ ಗಿಡ ಒಣಹುಲ್ಲಿಗೆ ಸಮ ಅಂತ ಹೇಳಿ, ಹಳೆಯ ದಪ್ಪ ಪುಸ್ತಕವೊಂದನ್ನು ನಮ್ಮ ಮುಂದಿಟ್ಟರು. ಬಾಂಬೆ ಪ್ರೆಸಿಡೆನ್ಸಿಯ ಸಸ್ಯಗಳ ಪುಸ್ತಕ. ಬರೆದವರು ಥಿಯೋಡರ್ ಕುಕ್. ಇವರು ಇಂಜಿನಿಯರ್, ನಿಮ್ಮವರೇ ಅಂದರು. ಅಲ್ಲಿಂದ ನಮ್ಮ ಹುಡುಕಾಟ ಶುರು.

ಕುಕ್ ಹುಟ್ಟಿದ್ದು 1836ರಲ್ಲಿ, ಐರ್ಲೆಂಡಿನ ವಾಟರ್‌ಫರ್ಡ್ ಕೌಂಟಿಯ ಟ್ರಾಮೋರ್ ಎಂಬ ಸಮುದ್ರದಂಡೆಯ ಊರಲ್ಲಿ. ಓದಿದ್ದು ಡಬ್ಲಿನ್‌ನ ಟ್ರಿನಿಟಿ ಕಾಲೇಜಿನಲ್ಲಿ. ಆರ್ಟ್ಸ್ ಮತ್ತು ಇಂಜಿನಿಯರಿಂಗ್ ಎರಡರಲ್ಲೂ ಡಿಗ್ರಿ ತಗೊಂಡರು. ಡ್ಯುಯಲ್ ಡಿಗ್ರಿ ಅಂತ ನಾವು ಈಗ ದೊಡ್ಡದಾಗಿ ಹೇಳಿಕೊಳ್ಳೋದನ್ನ ಅವರು ಆಗಲೇ ಮಾಡಿದ್ದರು. 1860ರಲ್ಲಿ, 24ನೇ ವಯಸ್ಸಿಗೆ ಭಾರತಕ್ಕೆ ಬಂದರು. ಕೆಲಸ ಬಾಂಬೆ, ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆಯಲ್ಲಿ. ಮುಂಬೈನಿಂದ ಗುಜರಾತಿನ ಕಡೆ ಹಳಿ ಹಾಕುತ್ತಿದ್ದ ಕಾಲ ಅದು. ಆ ದಾರಿಗೆ ಅಡ್ಡ ಬರುವುದು ವಸಾಯಿ ಖಾರಿ. ಸಮುದ್ರದ ಉಬ್ಬರ ಇಳಿತ ಒಳಗೆ ನುಗ್ಗುವ ಅಗಲವಾದ ನೀರು. ಅದರ ಮೇಲೆ ಕಬ್ಬಿಣದ ಸೇತುವೆ ನಿಲ್ಲಿಸುವ ಜವಾಬ್ದಾರಿ ಕುಕ್ ಅವರದಾಗಿತ್ತು. 1864ರ ಹೊತ್ತಿಗೆ ಆ ಲೈನ್ ಮುಂಬೈ ಮುಟ್ಟಿತು.

ಮುಂದಿನ ವರ್ಷವೇ, ಅಂದ್ರೆ 1865ರಲ್ಲಿ, ಪುಣೆಯ ಸಿವಿಲ್ ಇಂಜಿನಿಯರಿಂಗ್ ಕಾಲೇಜಿಗೆ ಪ್ರಿನ್ಸಿಪಾಲ್ ಆದರು. ವಯಸ್ಸು 29. ಆ ಕುರ್ಚಿಯಲ್ಲಿ ಅವರು ಇದ್ದದ್ದು 1893ರವರೆಗೆ, ಪೂರಾ 28 ವರ್ಷ. ಆ ಕಾಲೇಜು ಬೆಳೆದದ್ದು ಅವರ ಕಣ್ಣ ಮುಂದೆ. 1880ರ ಆಸುಪಾಸಿಗೆ ಅದರ ಹೆಸರು ಕಾಲೇಜ್ ಆಫ್ ಸೈನ್ಸ್ ಅಂತ ಬದಲಾಯಿತು. ಕೃಷಿ ತರಗತಿಗಳೂ ಅಲ್ಲೇ ಶುರುವಾದವು. ಅಂದ್ರೆ ಸರ್ವೆ ಚೈನ್ ಎಳೆಯುವ ಹುಡುಗರು, ಮಣ್ಣು ಬೆಳೆ ಓದುವ ಹುಡುಗರು ಒಂದೇ ಕಾಲೇಜಿನವರು. ನಮ್ಮ ಕ್ಯಾಂಪಸ್‌ನಲ್ಲಿ ಬೇರೆ ಬ್ರಾಂಚ್‌ನವರ ಲ್ಯಾಬ್‌ಗೂ ಕಾಲಿಡದ ನಮಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ಸಂಗತಿ.

ವಿಶ್ವೇಶ್ವರಯ್ಯನವರು ಮೈಸೂರು ಸರ್ಕಾರದ ಸ್ಕಾಲರ್‌ಶಿಪ್ ಮೇಲೆ ಈ ಕಾಲೇಜು ಸೇರಿ, 1883ರಲ್ಲಿ ಮೊದಲ ಸ್ಥಾನದಲ್ಲಿ ಪಾಸಾದರು. ಆಗ ಪ್ರಿನ್ಸಿಪಾಲ್ ಕುಕ್. ಕ್ವಿಜ್‌ನಲ್ಲಿ ಯಾರೂ ಕೇಳದ ಪ್ರಶ್ನೆಗೆ ಉತ್ತರ ಇದೇ.

ಹಾಗಾದ್ರೆ ಗಿಡಗಳು ಎಲ್ಲಿಂದ ಬಂದವು? 1890ರ ಫೆಬ್ರವರಿಯಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣೆ ಹುಟ್ಟಿತು. ದೇಶವನ್ನು ಭಾಗ ಮಾಡಿ ಒಂದೊಂದು ಭಾಗ ಒಬ್ಬೊಬ್ಬರಿಗೆ ಕೊಟ್ಟರು. ಮದ್ರಾಸ್ ಕಡೆಯದು ಲಾಸನ್, ಉತ್ತರದ್ದು ಡುತಿ, ಕಲಕತ್ತಾದಲ್ಲಿ ಎಲ್ಲರ ಮೇಲೆ ಜಾರ್ಜ್ ಕಿಂಗ್. ಪಶ್ಚಿಮ ಭಾರತದ ಹೊಣೆ ಬಂದದ್ದು ಒಬ್ಬ ಇಂಜಿನಿಯರಿಂಗ್ ಕಾಲೇಜಿನ ಪ್ರಿನ್ಸಿಪಾಲ್‌ಗೆ, ಅಂದ್ರೆ ಕುಕ್‌ಗೆ. ಸಿಂಧ್‌ನ ಮರಳಿನಿಂದ ಉತ್ತರ ಕನ್ನಡದ ಕಾಡಿನವರೆಗೆ ಇದ್ದ ಬಾಂಬೆ ಪ್ರೆಸಿಡೆನ್ಸಿ ಅವರ ಪಾಲು. ನಮ್ಮ ಧಾರವಾಡ ಜಿಲ್ಲೆಯೂ ಅದರಲ್ಲೇ.

ಇಲ್ಲೊಂದು ತಮಾಷೆ ಇದೆ. ಅದೇ 1890ರ ಜುಲೈನಲ್ಲಿ ಧಾರವಾಡದಲ್ಲಿ ರಾ. ಹ. ದೇಶಪಾಂಡೆಯವರ ಮುಂದಾಳತ್ವದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಶುರುವಾಯಿತು. ಒಂದೇ ವರ್ಷದಲ್ಲಿ ಒಂದು ಕಡೆ ಇಲ್ಲಿನ ಗಿಡಗಳನ್ನು ಲೆಕ್ಕಕ್ಕೆ ತರುವ ಕೆಲಸ, ಇನ್ನೊಂದು ಕಡೆ ಇಲ್ಲಿನ ಭಾಷೆಯನ್ನು ಉಳಿಸುವ ಕೆಲಸ. ಯಾಕೆ ಇದನ್ನ ಹೇಳ್ತಿದೀವಿ ಅಂದ್ರೆ, ಕುಕ್ ಪುಸ್ತಕದಲ್ಲಿ ಧಾರವಾಡವನ್ನು ಹುಡುಕಿದ್ರೆ ಅದು ಸಿಗುವುದು ಎಸ್. ಎಂ. ಕಂಟ್ರಿ ಅನ್ನುವ ತಲೆಬರಹದ ಕೆಳಗೆ. ಬಿಡಿಸಿದ್ರೆ ಸದರ್ನ್ ಮರಾಠಾ ಕಂಟ್ರಿ. ಬೆಳಗಾವಿ ಧಾರವಾಡದ ಕಡೆಗೆ ಆಗಿನ ಸರ್ಕಾರಿ ಹೆಸರು ಅದು. ಅಣ್ಣಿಗೇರಿ ಮೇಲೆ ಹೋಗುವ ರೈಲಿಗೂ ಸದರ್ನ್ ಮರಾಠಾ ರೈಲ್ವೆ ಅಂತಲೇ ಹೆಸರಿತ್ತು. ಕುಂದಗೋಳವಂತೂ ಬ್ರಿಟಿಷ್ ಜಿಲ್ಲೆಯಲ್ಲೇ ಇರಲಿಲ್ಲ, ಜಮಖಂಡಿ ಸಂಸ್ಥಾನದ್ದಾಗಿತ್ತು. ಹೆಸರು ನೋಡಿ ನಮಗೆ ಮೊದಲು ಸಿಟ್ಟು ಬಂತು. ಪಂಪನ ಊರು ಅಂತ ನಾವು ಹೇಳಿಕೊಳ್ಳುವ ಅಣ್ಣಿಗೇರಿ ಇರುವ ಸೀಮೆಗೆ ಈ ಹೆಸರಾ? ಕುಕ್ ಆ ಹೆಸರು ಇಟ್ಟವರಲ್ಲ, ಆಗಿನ ಆಫೀಸು ಕಾಗದಗಳಲ್ಲಿ ಇದ್ದದ್ದನ್ನು ಬಳಸಿದರು. ಆದ್ರೂ ಒಂದು ಪಾಠ ಸಿಕ್ಕಿತು. ಲೇಬಲ್ ಬರೆಯುವವರು ಯಾರೋ, ಊರಿನ ಹೆಸರು ಅವರದ್ದೇ ಆಗುತ್ತೆ.

ಕುಕ್ ಎಲ್ಲ ಕಡೆ ತಾವೇ ನಡೆದು ಗಿಡ ತಂದರು ಅಂದುಕೊಳ್ಳಬೇಡಿ. ಪುಣೆಯಲ್ಲಿ ವುಡ್ರೋ ಅನ್ನುವ ಸಸ್ಯಶಾಸ್ತ್ರದ ಪ್ರಾಧ್ಯಾಪಕರು ಜೊತೆಗಿದ್ದರು. ಕಾನಿಟ್ಕರ್, ರಾನಡೆ ಅನ್ನುವವರು ಸಂಗ್ರಹಿಸುತ್ತಿದ್ದರು. ಭಿವಾ ಅಂತ ಒಬ್ಬರು. ಪುಸ್ತಕದಲ್ಲಿ ಅವರ ಹೆಸರು ಅಷ್ಟೇ, ಭಿವಾ. ಮಹಾಬಲೇಶ್ವರದ ಮಳೆಯಲ್ಲಿ, ಕೊಂಕಣದ ಕೆಸರಿನಲ್ಲಿ ನೆನೆದು ಗಿಡ ಕಿತ್ತು ತಂದ ಜನ ಇವರು. ಕುಕ್‌ಗಿಂತ ಹಿಂದಿನವರೂ ಇದ್ದರು. ಡಾಲ್ಜೆಲ್ ಮತ್ತು ಗಿಬ್ಸನ್ 1861ರಲ್ಲೇ ಬಾಂಬೆಯ ಸಸ್ಯಗಳ ಮೇಲೆ ಒಂದು ಪುಸ್ತಕ ತಂದಿದ್ದರು. ಬೆಳಗಾವಿಯ ಕಡೆ ರಿಚಿ ಎಂಬುವರು ಗಿಡ ಸಂಗ್ರಹಿಸಿದ್ದರು. ಆ ಒಣಗಿದ ಗಿಡಗಳೆಲ್ಲ ಇಂಗ್ಲೆಂಡಿನ ಕ್ಯೂ ಉದ್ಯಾನ ಮುಂತಾದ ಕಡೆ ಚದುರಿದ್ದವು.

1893ರಲ್ಲಿ ಕುಕ್ ರಿಟೈರ್ ಆದರು. ವಯಸ್ಸು 57. ಪೆನ್ಶನ್ ತಗೊಂಡು ಆರಾಮಾಗಿ ಇರಬಹುದಿತ್ತು. ಅವರು ಕ್ಯೂಗೆ ಹೋಗಿ ಶೀಟ್‌ಗಳ ಮುಂದೆ ಕೂತರು. ಪುಸ್ತಕದ ಮೊದಲ ಭಾಗ ಬಂದದ್ದು 1901ರಲ್ಲಿ, ಅವರ 65ನೇ ವಯಸ್ಸಿಗೆ. ಕಂತು ಕಂತಾಗಿ ಅಚ್ಚಾಗಿ, ಎರಡು ದಪ್ಪ ಸಂಪುಟ ಮುಗಿದದ್ದು 1908ರಲ್ಲಿ. ಆಗ ಅವರಿಗೆ 72. ಲಿಲ್ಲಿ ಜಾತಿಯ ಗಿಡಗಳು ಬರುವುದು ಎರಡನೇ ಸಂಪುಟದಲ್ಲಿ. ಕಲಘಟಗಿ ಬೇಲಿಗಳಲ್ಲಿ ಮಳೆಗಾಲಕ್ಕೆ ಬೆಂಕಿಯ ಹಾಗೆ ಅರಳುವ ಗೌರಿ ಹೂ, ಅಂದ್ರೆ ಶಿವಶಕ್ತಿ. ಮನೆ ಔಷಧಕ್ಕೆ ಅಗೆಯುವ ಶತಾವರಿ. ಮುಸಲಿ. ಮತ್ತೆ ನಮ್ಮ ಅಡವಿ ಉಳ್ಳಾಗಡ್ಡಿ, ಆಗಿನ ಹೆಸರು ಉರ್ಜೀನಿಯ ಇಂಡಿಕಾ. ಆಗ ಇವೆಲ್ಲ ಲಿಲಿಯೇಸಿ ಅನ್ನುವ ಒಂದೇ ದೊಡ್ಡ ಕುಟುಂಬ.

ಈ ಗಡ್ಡೆ ಗಿಡಗಳ ಶೀಟ್ ಮಾಡೋದು ಎಷ್ಟು ಕಷ್ಟ ಅಂತ ನಮ್ಮ ಮ್ಯಾಥ್ಸ್ ಪುಸ್ತಕಕ್ಕೆ ಗೊತ್ತು. ಗಡ್ಡೆಯಲ್ಲಿ ನೀರೂ ಊಟವೂ ತುಂಬಿರುತ್ತೆ. ಒತ್ತಿಟ್ಟರೂ ವಾರಗಟ್ಟಲೆ ಬದುಕಿರುತ್ತೆ. ಅದಕ್ಕೆ ಉದ್ದಕ್ಕೆ ಸೀಳಬೇಕು, ಕುದಿಯುವ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಬೇಕು, ದಿನಾ ಕಾಗದ ಬದಲಿಸಬೇಕು. ಹೂವಿನ ಬಣ್ಣ ಹೋಗೇ ಹೋಗುತ್ತೆ. ಗೌರಿ ಹೂವಿನ ಕೆಂಪು ಹಳದಿ ಎರಡೂ ಕಂದಾಗುತ್ತೆ. ಹಾಗಾಗಿ ಬಣ್ಣವನ್ನು ಲೇಬಲ್‌ನಲ್ಲಿ ಬರೆಯದಿದ್ರೆ ಮುಂದೆ ಯಾರಿಗೂ ಗೊತ್ತಾಗಲ್ಲ. ಅಡವಿ ಉಳ್ಳಾಗಡ್ಡಿಯದು ಇನ್ನೊಂದು ಕಾಟ. ಬೇಸಿಗೆಯಲ್ಲಿ ಹೂ, ಆಗ ಎಲೆ ಇರಲ್ಲ. ಮಳೆ ಬಂದ ಮೇಲೆ ಎಲೆ, ಆಗ ಹೂ ಇರಲ್ಲ. ಒಂದು ಗಿಡದ ಪೂರ್ತಿ ಕಥೆ ಬೇಕು ಅಂದ್ರೆ ಅದೇ ಜಾಗಕ್ಕೆ ಎರಡು ಸಲ ಹೋಗಬೇಕು. ಜಾಗ ಬರೆದಿಟ್ಟಿರದಿದ್ರೆ ಎರಡನೇ ಸಲ ಎಲ್ಲಿಗೆ ಹೋಗೋದು?

ಕುಕ್ ಪುಸ್ತಕದಲ್ಲಿ ನಮಗೆ ಎಲ್ಲಕ್ಕಿಂತ ಹಿಡಿಸಿದ್ದು ಒಂದು ಚಿಹ್ನೆ. ಪ್ರತಿ ಗಿಡದ ವಿವರಣೆ ಮುಗಿದ ಮೇಲೆ ಅದು ಸಿಕ್ಕ ಜಾಗ, ತಂದವರ ಹೆಸರು ಬರುತ್ತೆ. ಎಷ್ಟೋ ಹೆಸರುಗಳ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ. ಭಿವಾ! ಕಾನಿಟ್ಕರ್! ಮೊದಲು ನೋಡಿದಾಗ ಇವರಿಗೆ ಯಾಕೆ ಇಷ್ಟು ಆಶ್ಚರ್ಯ ಅಂತ ನಕ್ಕಿದ್ವಿ. ಸಿ ಪ್ರೋಗ್ರಾಮಿಂಗ್‌ನಲ್ಲಿ ಅದರ ಅರ್ಥ ಅಲ್ಲ ಅಂತ. ಸಸ್ಯಶಾಸ್ತ್ರದಲ್ಲಿ ಅದರ ಅರ್ಥ ಬೇರೆ. ಈ ಗಿಡವನ್ನು ನಾನೇ ಕಣ್ಣಾರೆ ನೋಡಿದ್ದೇನೆ ಅಂತ. ಯಾರೋ ಹೇಳಿದ್ದಲ್ಲ, ಇನ್ನೊಂದು ಪುಸ್ತಕದಿಂದ ಕಾಪಿ ಮಾಡಿದ್ದಲ್ಲ. ಅವರು ನೋಡದೇ ಇದ್ದ ಕಡೆ ಆ ಚಿಹ್ನೆ ಇಲ್ಲ. ಲ್ಯಾಬ್ ರೆಕಾರ್ಡ್‌ನಲ್ಲಿ ಸೀನಿಯರ್ ರೀಡಿಂಗ್‌ಗಳನ್ನೇ ಇಳಿಸಿಕೊಳ್ಳುವ ನಾವು ಈ ಚಿಹ್ನೆ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕೂತ್ವಿ.

ಇಲ್ಲಿ ನಮಗೆ ಅವರೊಳಗಿನ ಇಂಜಿನಿಯರ್ ಕಂಡ. ಸೇತುವೆಯ ಕಂಬ ಗಟ್ಟಿ ಇದೆಯಾ ಅಂತ ಕೇಳಿದ್ರೆ ಇರಬಹುದು ಅಂತ ಬರೆಯೋಕೆ ಆಗಲ್ಲ. ನೋಡಿದೀನಿ ಅಥವಾ ನೋಡಿಲ್ಲ, ಎರಡೇ. ಅದೇ ಶಿಸ್ತನ್ನು ಅವರು ಗಡ್ಡೆ ಗಿಡಗಳಿಗೂ ಹಾಕಿದರು ಅಂತ ನಮಗೆ ಅನ್ಸುತ್ತೆ.

ಪುಸ್ತಕ ಮುಗಿದು ಎರಡೇ ವರ್ಷ. 1910ರ ನವೆಂಬರ್ 5ರಂದು ಕುಕ್ ಕ್ಯೂನಲ್ಲಿ ತೀರಿಕೊಂಡರು. ಅವರ ಕೆಲಸ ಮಾತ್ರ ನಿಲ್ಲಲಿಲ್ಲ. ಆ ದಶಕದ ಕೊನೆಯ ಹೊತ್ತಿಗೆ ಸೆಜ್‌ವಿಕ್ ಅನ್ನುವ ಐಸಿಎಸ್ ಅಧಿಕಾರಿ ಮತ್ತು ಬೆಲ್ ಅನ್ನುವ ಅರಣ್ಯಾಧಿಕಾರಿ ಧಾರವಾಡ, ಉತ್ತರ ಕನ್ನಡದ ಕಡೆ ಗಿಡ ಸಂಗ್ರಹಿಸಿದರು. ಆ ಶೀಟ್‌ಗಳು ಈಗ ಮುಂಬೈನ ಸೇಂಟ್ ಝೇವಿಯರ್ಸ್ ಕಾಲೇಜಿನ ಬ್ಲಾಟರ್ ಹರ್ಬೇರಿಯಂನಲ್ಲಿವೆ. 1955ರಲ್ಲಿ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ವಿಭಾಗ ಪುಣೆಯಲ್ಲೇ ಶುರುವಾಯಿತು. 1958ರಲ್ಲಿ ಸರ್ವೇಕ್ಷಣೆ ಕುಕ್ ಪುಸ್ತಕವನ್ನು ಮರುಮುದ್ರಣ ಮಾಡಿತು, ಮೂರು ಸಂಪುಟಗಳಲ್ಲಿ. ಅವರು ತೀರಿಕೊಂಡು 48 ವರ್ಷ ಆದ ಮೇಲೆ. ಆ ಹೊತ್ತಿಗೆ ಬಾಂಬೆ ಪ್ರೆಸಿಡೆನ್ಸಿಯೇ ಇರಲಿಲ್ಲ. ಧಾರವಾಡ 1956ರಲ್ಲೇ ಕನ್ನಡದ ರಾಜ್ಯಕ್ಕೆ ಸೇರಿತ್ತು. ನಕ್ಷೆ ಬದಲಾದ್ರೂ ಪುಸ್ತಕ ಬೇಕಾಗಿತ್ತು.

ಗಿಡಗಳ ಹೆಸರೂ ಬದಲಾದವು. ಉರ್ಜೀನಿಯ ಇಂಡಿಕಾ ಈಗ ಡ್ರಿಮಿಯಾ ಇಂಡಿಕಾ. ದೊಡ್ಡ ಲಿಲ್ಲಿ ಕುಟುಂಬ ಒಡೆದು ಹೋಯಿತು. ಡಿಎನ್‌ಎ ನೋಡಿದ ಮೇಲೆ ಅಡವಿ ಉಳ್ಳಾಗಡ್ಡಿ ಶತಾವರಿಯ ಕುಟುಂಬಕ್ಕೆ ಹೋಯಿತು, ಗೌರಿ ಹೂ ಕಾಲ್ಚಿಕೇಸಿ ಅನ್ನುವ ಇನ್ನೊಂದು ಕುಟುಂಬಕ್ಕೆ. ಈ ಗೌರಿ ಹೂವಿನಲ್ಲಿರುವ ಕಾಲ್ಚಿಸಿನ್ ಅನ್ನುವ ವಿಷವನ್ನೇ ಅಳತೆ ಮಾಡಿ ಗೌಟ್ ಎಂಬ ಸಂಧಿನೋವಿಗೆ ಮಾತ್ರೆಯಾಗಿ ಕೊಡ್ತಾರೆ. ಇಷ್ಟೆಲ್ಲ ಬದಲಾದ್ರೂ ಶೀಟ್ ಅದೇ ಶೀಟ್. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ವೇರಿಯಬಲ್ ಹೆಸರು ಎಷ್ಟು ಸಲ ಬದಲಿಸಿದ್ರೂ ಮೆಮೊರಿ ಅಡ್ರೆಸ್ ಒಂದೇ. ಯಾರಿಗೆ ಅನುಮಾನ ಬಂದ್ರೂ ವಾಪಸ್ ಆ ಶೀಟ್‌ಗೆ ಹೋಗಿ ನೋಡಬಹುದು.

ಇಷ್ಟು ತಿಳಿದ ಮೇಲೆ ನಮ್ಮ ಗಿಡದ ಉಳಿದ ಅರ್ಧ ಕಥೆ ತರೋಣ ಅಂತ ಜುಲೈನಲ್ಲಿ ಮತ್ತೆ ಕಲಘಟಗಿ ಕಡೆ ಹೋದ್ವಿ. ಎಲೆ ಬಂದಿರಬೇಕಿತ್ತು. ಜಾಗ ಬರೆದಿಟ್ಟಿರಲಿಲ್ಲ, ನೆನಪಿನ ಮೇಲೆ ಹುಡುಕಿದ್ವಿ. ಒಂದು ತಿರುವಿನ ಹತ್ತಿರ ಇದೇ ಅನ್ನಿಸಿತು. ಆದ್ರೆ ಮಡ್ಡಿ ಇರಲಿಲ್ಲ. ಜೆಸಿಬಿ ಹಲ್ಲಿನ ಗುರುತು, ಕೆಂಪು ನೀರು ತುಂಬಿದ ದೊಡ್ಡ ಹೊಂಡ. ಗರಸು ತೆಗೆದು ಯಾವುದೋ ರಸ್ತೆಗೆ ಹಾಕಿದ್ದರು. ನಮ್ಮಲ್ಲಿ ಒಬ್ಬ ಸಿವಿಲ್ ಬ್ರಾಂಚ್‌ನವನು. ರಸ್ತೆಗೆ ಗರಸು ಎಲ್ಲಿಂದ ಬರುತ್ತೆ ಅಂತ ಹೋದ ಸೆಮಿಸ್ಟರ್‌ನಲ್ಲೇ ಓದಿದ್ದ. ಆ ಹೊಂಡದ ದಂಡೆ ಮೇಲೆ ಅವನೇ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಿದ್ದ. ಅದೇ ಜಾಗವಾ ಅಥವಾ ಮುಂದಿನ ತಿರುವಾ ಅಂತ ನಾವು ಮೂವರೂ ವಾದ ಮಾಡಿದ್ವಿ. ಇವತ್ತಿಗೂ ತೀರ್ಮಾನ ಆಗಿಲ್ಲ. ಅಲ್ಲಿ ಅಡವಿ ಉಳ್ಳಾಗಡ್ಡಿ ಇತ್ತು ಅಂತ ನಾವು ಹೇಳಬಹುದು, ಆದ್ರೆ ತೋರಿಸೋಕೆ ಆಗಲ್ಲ. ನಮ್ಮ ಹತ್ತಿರ ಇರೋದು ಒಂದು ಕೊಳೆತ ಗಡ್ಡೆ ಮತ್ತು ಒದ್ದೆಯಾದ ಇಂಟಿಗ್ರೇಶನ್ ಚಾಪ್ಟರ್.

ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಹೊಲಗಳು ವರ್ಷಾ ವರ್ಷಾ ಗಳೆ ಕಾಣುತ್ತವೆ. ಅಲ್ಲಿ ಕಾಡು ಗಡ್ಡೆಗಳಿಗೆ ಉಳಿದಿರೋದು ಬದು, ಹಳ್ಳದ ದಂಡೆ, ಗುಡ್ಡದ ಓರೆ ಅಷ್ಟೇ. ಅವುಗಳಲ್ಲಿ ಏನಿದೆ ಅಂತ ಬರೆದಿಡೋಕೆ ಐರ್ಲೆಂಡಿನಿಂದ ಇನ್ನೊಬ್ಬ ಇಂಜಿನಿಯರ್ ಬರಲ್ಲ. ರಜೆಗೆ ಊರಿಗೆ ಹೋಗುವ ನಾವೇ ಇರೋದು. ನೂರಾರು ಗಿಡ ಕೀಳಬೇಕು ಅಂತಲ್ಲ. ಹೆಚ್ಚು ಇರುವ ಕಡೆ ಒಂದು ರೆಂಬೆ ಸಾಕು. ಕಡಿಮೆ ಇದ್ರೆ ಫೋಟೋ ತೆಗೆದು, ಜಾಗ, ದಿನ, ಬಣ್ಣ, ಊರವರು ಕರೆಯುವ ಹೆಸರು ಬರೆದು ಬಿಟ್ಟುಬಿಡಿ.

ಆಗಸ್ಟ್‌ನಲ್ಲಿ ನಾವು ಒಂದು ಶೀಟ್ ಸರಿಯಾಗಿ ಮಾಡಿದ್ವಿ. ಕಲಘಟಗಿ ತಾಲೂಕಿನ ಒಂದು ಹೊಲದ ಬೇಲಿಯ ಗೌರಿ ಹೂ. ಗಡ್ಡೆ ಮುಟ್ಟಲಿಲ್ಲ, ಹೂವಿರುವ ಒಂದು ಬಳ್ಳಿ ಮಾತ್ರ. ಲೇಬಲ್‌ನಲ್ಲಿ ದಿನಾಂಕ, ಊರು, ಮಣ್ಣು, ಹೂವಿನ ಬುಡ ಹಳದಿ ತುದಿ ಕೆಂಪು ಅಂತ ಎಲ್ಲ ಬರೆದ್ವಿ. ಹೊಲದ ಅಜ್ಜಿ ಹೇಳಿದ ಹೆಸರನ್ನ ಕನ್ನಡದಲ್ಲೇ ಬರೆದ್ವಿ. ಜಿಲ್ಲೆ ಧಾರವಾಡ, ರಾಜ್ಯ ಕರ್ನಾಟಕ. ಮೇಡಂ ಶೀಟ್ ತಿರುಗಿಸಿ ತಿರುಗಿಸಿ ನೋಡಿ, ನಮ್ಮ ಹೆಸರುಗಳ ಮುಂದೆ ಪೆನ್ಸಿಲ್‌ನಲ್ಲಿ ಒಂದು ಸಣ್ಣ ಆಶ್ಚರ್ಯಸೂಚಕ ಚಿಹ್ನೆ ಹಾಕಿದರು. ಆ ಸೆಮಿಸ್ಟರ್‌ನ ಯಾವ ಮಾರ್ಕ್ಸ್ ಕಾರ್ಡೂ ನಮಗೆ ಅಷ್ಟು ಖುಷಿ ಕೊಟ್ಟಿಲ್ಲ.